ಅಕ್ಕನ ಸಿಟ್ಟಿನ ಮುಖ

ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯ ತುಟಿಯಂಚಿನಿಂದ ತಾನಾಗಿ ಸೋರಿತು. ಇನ್ನೂ ನಿದ್ದೆಗಣ್ಣಿನಲ್ಲಿದ್ದೇನೆ ಅಂದುಕೊಂಡೆ. ಮತ್ತೆ ನೀರು ತುಂಬಿಕೊಂಡೆ, ಮತ್ತೆ ಸೋರಿತು. ತಲೆಯೆತ್ತಿ ಕನ್ನಡಿ ನೋಡಿದರೆ ನನ್ನ ಮುಖದ ಬಲಭಾಗ ಗಾಬರಿಯಾಗಿತ್ತು, ಎಡಭಾಗಕ್ಕೆ ಏನೂ ಗೊತ್ತಿರಲಿಲ್ಲ. ಹುಬ್ಬೇರಿಸಿದೆ, ಒಂದೇ ಏರಿತು. ನಗಲು ನೋಡಿದೆ, ಬಾಯಿ ಪೂರ್ತಿ ಬಲಕ್ಕೆ ಎಳೆದುಕೊಂಡು ಹೋಯಿತು. ಕಣ್ಣು ಗಟ್ಟಿಯಾಗಿ ಮುಚ್ಚಿದರೂ ಎಡಗಣ್ಣಿಗೆ ಬಚ್ಚಲುಮನೆಯ ದೀಪ ಕಾಣುತ್ತಲೇ ಇತ್ತು.

ನನ್ನ ಹೊಟ್ಟೆಪಾಡು ಮುಖಗಳದ್ದು. ಮಕ್ಕಳ ಪಾಠದ ವಿಡಿಯೋಗಳಿಗೆ ಕಾರ್ಟೂನ್ ಮುಖಗಳನ್ನು ಬರೆಯುತ್ತೇನೆ. ಲಿಂಗಂಪಲ್ಲಿಯ ನಮ್ಮ ಫ್ಲಾಟಿನಲ್ಲಿ, ರೈಲು ಹಳಿ ಕಾಣುವ ಕಿಟಕಿಯ ಪಕ್ಕ ನನ್ನ ಮೇಜು. ಮೇಜಿನ ಮೇಲೆ ಕಂಪ್ಯೂಟರು, ಬರೆಯುವ ಹಲಗೆ, ಒಂದು ಕೈಗನ್ನಡಿ. ಕನ್ನಡಿ ಇಲ್ಲದಿದ್ದರೆ ನನಗೆ ಕೆಲಸ ಸಾಗುವುದಿಲ್ಲ. ಹೆದರಿದ ಮೊಲವನ್ನು ಬರೆಯಬೇಕಾದರೆ ಮೊದಲು ನಾನು ಹೆದರಬೇಕು. ಹೊಟ್ಟೆಕಿಚ್ಚಿನ ನರಿಗೆ ನನ್ನ ಮುಖದಲ್ಲೇ ಹೊಟ್ಟೆಕಿಚ್ಚು ತಂದುಕೊಂಡು, ಕನ್ನಡಿಯಲ್ಲಿ ನೋಡಿ, ಅದನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಗೀಚಬೇಕು. ಜನ ಸಿಟ್ಟು ಬಾಯಲ್ಲಿರುತ್ತದೆ ಅಂದುಕೊಳ್ಳುತ್ತಾರೆ. ಅದು ಇರುವುದು ಹುಬ್ಬಿನ ಬುಡದಲ್ಲಿ. ದುಃಖವೂ ಅಲ್ಲೇ, ಆದರೆ ಅದು ಹುಬ್ಬಿನ ಒಳತುದಿಯನ್ನು ಮೇಲಕ್ಕೆತ್ತುತ್ತದೆ, ಸಿಟ್ಟು ಕೆಳಕ್ಕೆ ತಳ್ಳುತ್ತದೆ. ಇಷ್ಟೇ ವ್ಯತ್ಯಾಸ. ಅಷ್ಟನ್ನು ಹಿಡಿಯುವುದಕ್ಕೆ ವರ್ಷಗಟ್ಟಲೆ ನನ್ನದೇ ಮುಖವನ್ನು ಹಿಂಡಿದ್ದೆ.

ಆಗ ಕೈಯಲ್ಲಿದ್ದದ್ದು ಉಪ್ಪಲ್‌ನ ಒಂದು ಸ್ಟುಡಿಯೋದ ಕೆಲಸ. ಎರಡು ಜಡೆಯ, ದುಂಡು ಮುಖದ ಒಬ್ಬ ಪುಟ್ಟ ಹುಡುಗಿ. ಸಣ್ಣ ಮಕ್ಕಳು ತಮಗೆ ಏನಾಗುತ್ತಿದೆ ಅಂತ ಗುರುತಿಸಿಕೊಳ್ಳಲು ಅವಳ ಮುಖಗಳು ಬೇಕಾಗಿದ್ದವು. ನಗು, ಅಳು, ಅಚ್ಚರಿ ಮುಗಿದಿದ್ದವು. ಹೆದರಿಕೆಯೂ ಸುಮಾರಾಗಿ ಬಂದಿತ್ತು. ಸಿಟ್ಟು ಬಾಕಿ ಇತ್ತು.

ದವಾಖಾನೆಯಲ್ಲಿ ಡಾಕ್ಟರು ಹಣೆ ಸುಕ್ಕು ಮಾಡಿಸಿ, ಗಲ್ಲ ಉಬ್ಬಿಸಿ, ಹಲ್ಲು ಕಿರಿಸಿ ನೋಡಿದರು. ಲಕ್ವಾ ಅಲ್ಲ, ಮುಖದ ನರ ಬಾತಿದೆ, ಬೇಗ ಬಂದಿದ್ದು ಒಳ್ಳೆಯದಾಯಿತು ಅಂದರು. ಗುಳಿಗೆ ಬರೆದುಕೊಟ್ಟರು, ಕಣ್ಣು ಒಣಗದಂತೆ ಹನಿ, ಮಲಗುವಾಗ ರೆಪ್ಪೆಗೆ ಅಂಟಿಸಲು ಟೇಪು. ಬಹಳ ಮಂದಿಗೆ ಸರಿಹೋಗುತ್ತದೆ, ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. "ಬಹಳ ಮಂದಿಗೆ" ಎಂಬ ಮಾತು ಮನೆಗೆ ಬರುವ ದಾರಿಯುದ್ದಕ್ಕೂ ಆಟೋದಲ್ಲಿ ನನ್ನ ಜೊತೆ ಕೂತಿತ್ತು.

ಆ ಮೊದಲ ದಿನಗಳಲ್ಲಿ ನಾನು ಒಂದು ಕಡೆ ಕೂತವಳಲ್ಲ. ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಬಚ್ಚಲು. ಹೋದಲ್ಲೆಲ್ಲ ಕನ್ನಡಿ ಹುಡುಕಿದೆ. ಕನ್ನಡಿ ಇಲ್ಲದ ಕಡೆ ಸ್ಟೀಲಿನ ಡಬ್ಬಿಯಲ್ಲಿ, ಆರಿದ ಟೀವಿಯಲ್ಲಿ, ಗಂಡನ ಬೈಕಿನ ಕನ್ನಡಿಯಲ್ಲಿ ನೋಡಿಕೊಂಡೆ. ಬೆರಳಿನಿಂದ ತುಟಿಯನ್ನು ಎತ್ತಿ ಹಿಡಿದು ಬಿಟ್ಟರೆ ಜೋತು ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದೆ. ಮೊದಲ ದಿನವೇ ಎರಡನೇ ಕ್ಲಾಸಿನ ಮಗಳು ಸ್ಕೂಲಿನಿಂದ ಬಂದವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿ ಕೇಳಿದಳು:

"ಮಮ್ಮಿ, ನನ್ನ ಮ್ಯಾಲ ಸಿಟ್ಟ ಬಂದೈತಾ?"

"ಇಲ್ಲ ಪುಟ್ಟಿ, ನಗಾಕತ್ತೀನಿ" ಅಂದೆ. ನಿಜವಾಗಿಯೂ ನಗುತ್ತಿದ್ದೆ. ಅವಳು ನಂಬಲಿಲ್ಲ. ಬ್ಯಾಗನ್ನು ಅಲ್ಲೇ ಇಟ್ಟು ಅಪ್ಪನ ಹಿಂದೆ ಹೋಗಿ ನಿಂತಳು.

ಆ ಸಂಜೆಯೇ ನನ್ನ ಗಂಡ ಅಕ್ಕನಿಗೆ ಫೋನ್ ಮಾಡಿದ. ಅಕ್ಕ ಸೇಡಂನಲ್ಲಿರುತ್ತಾಳೆ. ಮರುದಿನದ ರೈಲಿಗೆ ಹೊರಟು ಬಂದೇ ಬಿಟ್ಟಳು, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಜೋಳದ ಹಿಟ್ಟಿನ ಚೀಲ. ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಏನೂ ಆಗಿಲ್ಲ ತಗೋ. ಅರ್ಧಾ ಮಾರಿ ಮಲಗೈತಿ, ಎದ್ದ ಕುಂಡ್ರತೈತಿ" ಅಂದಳು.

ಅಪ್ಪ ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಾವಿಬ್ಬರೂ ಬೆಳೆದದ್ದು ಅದರ ಕ್ವಾರ್ಟರ್ಸಿನಲ್ಲಿ. ಒಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ. ಆಗ ಅಕ್ಕನ ಸಿಟ್ಟು ಇಡೀ ಓಣಿಗೆ ಗೊತ್ತಿತ್ತು. ಮೂಗಿನ ಹೊಳ್ಳೆ ಅರಳಿ, ಗದ್ದ ನಡುಗಿ, ಕಣ್ಣು ಸಣ್ಣದಾಗಿ, ಆಮೇಲೆ ಕೈಯಲ್ಲಿದ್ದದ್ದು ಹಾರುತ್ತಿತ್ತು. ಒಮ್ಮೆ ಊಟದ ಡಬ್ಬಿ ಹಾರಿ ಪಕ್ಕದ ಮನೆಯವರು ಒಣಹಾಕಿದ ಸೀರೆಯ ಮೇಲೆ ಚಿತ್ರಾನ್ನ ಚೆಲ್ಲಿತ್ತು. ನಾನು ಮೂಲೆಯಲ್ಲಿ ಕೂತು ಅವಳ ಮುಖವನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದೆ. ಅವಳು ಅದನ್ನು ನೋಡಿದರೆ ಇನ್ನಷ್ಟು ಸಿಟ್ಟಾಗುತ್ತಿದ್ದಳು, ನಾನು ಇನ್ನಷ್ಟು ಚೆನ್ನಾಗಿ ಬರೆಯುತ್ತಿದ್ದೆ. ಮದುವೆಯಾಗಿ ಸೇಡಂಗೆ ಹೋದ ಮೇಲೆ ಅವಳ ಅತ್ತೆ ಮನೆಯವರು ಎಲ್ಲರ ಮುಂದೆ ಹೊಗಳುವುದು ಒಂದೇ ಮಾತು: ಎಂಥಾ ಶಾಂತ ಸ್ವಭಾವ. ಕೇಳಿ ನಮಗೂ ಹಿತವೆನಿಸುತ್ತಿತ್ತು. ಆ ಸಿಟ್ಟು ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ.

ಅಕ್ಕ ಬಂದ ಮೇಲೆ ಮನೆಗೆ ಒಂದು ಲಯ ಬಂತು, ನನಗೆ ಬರಲಿಲ್ಲ. ಡಾಕ್ಟರು ಹೇಳಿದ ವ್ಯಾಯಾಮವನ್ನು ಕನ್ನಡಿಯ ಮುಂದೆ ಮಾಡಬೇಕಿತ್ತು: ಹುಬ್ಬೆತ್ತು, ಮೂಗು ಸುಕ್ಕಿಸು, ಗಲ್ಲ ಉಬ್ಬಿಸು, ಸಿಳ್ಳೆ ಹಾಕುವಂತೆ ತುಟಿ ಮಾಡು. ನಾನು ಕೆಲಸಕ್ಕಾಗಿ ದಿನಾ ಮಾಡುತ್ತಿದ್ದವೇ ಅವು. ಈಗ ಅರ್ಧ ಮುಖ ಒಪ್ಪುತ್ತಿತ್ತು, ಇನ್ನರ್ಧ ಗೋಡೆಯಾಗಿತ್ತು. ಕೂತು ಹುಡುಗಿಯ ಸಿಟ್ಟನ್ನು ಬರೆಯಲು ನೋಡಿದರೆ ಕನ್ನಡಿಯಲ್ಲಿ ಕಾಣುವುದು ಒಂದು ಅಪಹಾಸ್ಯ. ನೆನಪಿನಿಂದ ಬರೆದೆ, ಅಳಿಸಿದೆ. ಹಳೆಯ ಚಿತ್ರಗಳನ್ನು ತೆಗೆದು ನೋಡಿ ಬರೆದೆ. ಬಂದ ಮುಖಗಳೆಲ್ಲ ಅಂಗಡಿಯಲ್ಲಿ ತೂಗುಹಾಕಿದ ಮುಖವಾಡಗಳಂತಿದ್ದವು. ಹುಬ್ಬು ಸರಿ, ಹಲ್ಲು ಸರಿ, ಒಳಗೆ ಯಾರೂ ಇಲ್ಲ. ಸ್ಟುಡಿಯೋದಿಂದ ದಿನಬಿಟ್ಟು ದಿನ ಮೆಸೇಜು ಬರುತ್ತಿತ್ತು. ಮೆಸೇಜು ನೋಡಿ ಏಳುತ್ತಿದ್ದೆ, ಬಾಲ್ಕನಿಗೆ ಹೋಗುತ್ತಿದ್ದೆ, ಹಳಿಯ ಮೇಲೆ ಲೋಕಲ್ ಟ್ರೈನು ಬಂದು ನಿಂತು ಹೋಗುವುದನ್ನು ನೋಡಿ ಮತ್ತೆ ಬಂದು ಕೂರುತ್ತಿದ್ದೆ.

"ಒಂದ ಕಡೆ ಕುಂಡ್ರವಾ, ನಿನ್ನ ನೋಡಿ ನನಗ ತೆಲಿ ತಿರಗತೈತಿ" ಅಂದಳು ಅಕ್ಕ ಒಂದು ದಿನ.

"ಅಕ್ಕಾ, ಒಂದ ಕೆಲಸ ಮಾಡು. ನನ್ನ ಮುಂದ ಕುಂತು ಸಿಟ್ಟಿನ ಮಾರಿ ಮಾಡು. ನಾ ನೋಡಿ ಬರಕೋತೀನಿ."

"ಏ, ಹೋಗ!"

"ಖರೇನ ಹೇಳಾಕತ್ತೀನಿ. ನನ್ನ ಮಾರಿ ಕೆಲಸಕ್ಕ ಬರವಲ್ದು. ನಿಂದು ಕೊಡು."

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಹುಬ್ಬು ಗಂಟಿಕ್ಕಿದಳು. ತಕ್ಷಣ ನಗು ಬಂತು. ಮತ್ತೆ ಪ್ರಯತ್ನಿಸಿದಳು. ಹಲ್ಲು ಕಚ್ಚಿದಳು, ಕಣ್ಣು ಅರಳಿಸಿದಳು. ಮಗಳು ಪಕ್ಕದಲ್ಲಿ ನಿಂತು "ದೊಡ್ಡಮ್ಮ, ಬೆಕ್ಕಿನಂಗ ಕಾಣಸ್ತೀ" ಅಂದು ಕುಣಿದಳು. ಹಾಗೆ ದಿನವೂ ಮಧ್ಯಾಹ್ನ ಸ್ವಲ್ಪ ಹೊತ್ತು ಕೂರುತ್ತಿದ್ದೆವು. ಹೆದರಿಕೆ ಚೆನ್ನಾಗಿ ಮಾಡಿದಳು. ಅಸಹ್ಯವನ್ನಂತೂ, ಮೂಗಿಗೆ ಕೊಳೆತ ಮೊಟ್ಟೆ ಹಿಡಿದಂತೆ, ಅದ್ಭುತವಾಗಿ ಮಾಡಿದಳು. ಸಿಟ್ಟು ಮಾತ್ರ ಬರಲಿಲ್ಲ.

"ನನಗ ಸಿಟ್ಟ ಬರೂದಿಲ್ಲವಾ. ಬಿಟ್ಟು ಭಾಳ ವರ್ಷ ಆತು" ಅಂದಳು, ಯಾರೋ ಚಹಾ ಬಿಟ್ಟೆ ಅನ್ನುವ ಹಾಗೆ.

ಈ ನಡುವೆ ಸೇಡಂನಿಂದ ಭಾವನ ಫೋನು ಬರುತ್ತಲೇ ಇತ್ತು. ಅಕ್ಕನ ಗಂಡನಿಗೆ ಅಲ್ಲೊಂದು ಹಾರ್ಡ್‌ವೇರ್ ಅಂಗಡಿ. ಇಬ್ಬರು ಗಂಡುಮಕ್ಕಳು ದೊಡ್ಡವರಾಗಿ ಅಪ್ಪನ ಜೊತೆ ಅಂಗಡಿಯಲ್ಲೇ ಕೂರುತ್ತಾರೆ. ಅರಿಶಿನದ ಡಬ್ಬಿ ಎಲ್ಲಿ, ಗ್ಯಾಸಿನವನ ನಂಬರು ಯಾವುದು, ಹಾಲು ಒಡೆದಿದೆ ಏನು ಮಾಡಲಿ, ಇವೇ ಭಾವನ ಪ್ರಶ್ನೆಗಳು. ಅಕ್ಕ ಪ್ರತಿ ಸಲವೂ ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ಕಪಾಟಿನ ಎರಡನೇ ಖಾನೆ, ಬಲಕ್ಕೆ, ಕೆಂಪು ಮುಚ್ಚಳ. ಫೋನಿಟ್ಟು ನನ್ನನ್ನು ನೋಡಿ ನಗುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿನ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಆ ದಿನ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಕೈ ಸುಮ್ಮನಿರದ್ದಕ್ಕೆ ಅವಳ ಕೈಗಳನ್ನು ಗೀಚುತ್ತಿದ್ದೆ. ಫೋನು ಬಂತು. ಅವಳ ಕೈಯೆಲ್ಲ ಹಿಟ್ಟು. "ಎತ್ತಿ ಸ್ಪೀಕರಿಗೆ ಹಾಕು" ಅಂದಳು. ಹಾಕಿದೆ.

"ಯಾವಾಗ ಬರತಿ?" ಭಾವನ ದನಿ.

"ಇನ್ನೂ ಸ್ವಲ್ಪ ದಿನ ಆಗತೈತಿ ರಿ. ಆಕಿ ಕಣ್ಣು ಇನ್ನೂ ಮುಚ್ಚವಲ್ದು."

"ಅಲ್ಲಾ, ನೀ ಅಲ್ಲಿ ಕುಂತು ಏನ್ ಮಾಡಾಕತ್ತಿ? ಆಕಿ ಬಾಯಿ ಸೊಟ್ಟ ಆದ್ರ ನೀ ಮುಂದ ಕುಂತ್ರ ನೆಟ್ಟಗ ಆಗತೈತೇನು? ಇಲ್ಲಿ ನಾವು ಮೂರು ಮಂದಿ ಖಾನಾವಳ್ಯಾಗ ಉಣ್ಣಾಕತ್ತೇವಿ. ನಾಳಿ ಗಾಡಿಗೆ ಬಂದ ಬಿಡು."

ಸ್ಪೀಕರು ಇದೆ ಅಂತ ಅವನಿಗೆ ಗೊತ್ತಿರಲಿಲ್ಲ. ನನ್ನ ಸೊಟ್ಟ ಬಾಯಿಯ ಮಾತು ಕೇಳಿ ನನಗೆ ನೋವಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ನಾನು ಅಕ್ಕನ ಮುಖ ನೋಡುತ್ತಿದ್ದೆ.

ರೊಟ್ಟಿ ಬಡಿಯುವ ಕೈ ನಿಂತಿತ್ತು. ಹುಬ್ಬು ಗಂಟಿಕ್ಕಿರಲಿಲ್ಲ, ಬರೀ ಕೆಳಗಿಳಿದಿತ್ತು, ತುಂಬಾ ಭಾರವಾದದ್ದನ್ನು ಹೊತ್ತಂತೆ. ಕೆಳರೆಪ್ಪೆ ಬಿಗಿಯಾಗಿತ್ತು. ಮೂಗಿನ ಹೊಳ್ಳೆ ಅರಳಿ ಹಾಗೇ ನಿಂತಿತ್ತು. ತುಟಿಗಳು ಒಳಗೆ ಹೋಗಿ ಬಾಯಿ ಇದ್ದಲ್ಲಿ ಒಂದು ಬಿಳಿಯ ಗೆರೆ. ಗದ್ದದ ಕೆಳಗೆ ನರ ಹೊಡೆದುಕೊಳ್ಳುತ್ತಿತ್ತು. ನಾನು ವರ್ಷಾನುಗಟ್ಟಲೆ ಕನ್ನಡಿಯಲ್ಲಿ ಮಾಡಿದ ಯಾವ ಸಿಟ್ಟೂ ಹೀಗಿರಲಿಲ್ಲ. ಪೆನ್ಸಿಲ್ಲು ತಾನೇ ಓಡಿತು. ಕಣ್ಣಿಗೆ ಹನಿ ಹಾಕುವ ಹೊತ್ತಾಗಿ ಎಡಗಣ್ಣು ಉರಿಯುತ್ತಿದ್ದರೂ ನಿಲ್ಲಿಸಲಿಲ್ಲ.

"ಹಲೋ? ಕೇಳಸ್ತೇನು?" ಅಂದ ಭಾವ. ಫೋನು ಅತ್ತಲಿಂದ ಕಟ್ಟಾಯಿತು. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಅದು ನಡುವೆ ಹರಿಯಿತು. ಉಂಡೆ ಮಾಡಿ ಮತ್ತೆ ಬಡಿದಳು, ಮತ್ತೆ ಹರಿಯಿತು. ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ಏನ್ ಬರದಿ? ತೋರಸು."

ಕೊಡಲೋ ಬೇಡವೋ ಅನ್ನುತ್ತ ಹಾಳೆ ಕೊಟ್ಟೆ. ಎರಡು ಜಡೆಯ ದುಂಡು ಮುಖದ ಹುಡುಗಿಯೇ, ಆದರೆ ಒಳಗೆ ಅಕ್ಕ ಇದ್ದಳು. ಅವಳು ಹಿಟ್ಟಿನ ಬೆರಳು ತಾಗದಂತೆ ಅಂಗೈ ಅಂಚಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ನಾ ಹಿಂಗ ಕಾಣಸ್ತೀನಾ?"

"ಈಗ ಕಂಡಿ."

"ಇದನ್ನ ಫೋಟೋ ತಗಿ. ಅವರಿಗೆ ಕಳಸು, ನನ್ನ ಫೋನಿನಿಂದ."

"ಅಕ್ಕಾ, ಬ್ಯಾಡ. ಏನರ ತಿಳಕೋತಾರ."

"ತಿಳಕೋಲಿ ಅಂತನ ಕಳಸು ಅನ್ನಾಕತ್ತೀನಿ."

"ಕೆಳಗ ಏನ್ ಬರೀಲಿ?"

"ಏನೂ ಬರೀಬ್ಯಾಡ."

ಕಳಿಸಿದೆ. ಭಾವ ನೋಡಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಆ ದಿನ ಸೇಡಂನಿಂದ ಫೋನೇ ಇಲ್ಲ. ಈ ಸಲ ಓಡಾಡಿದವಳು ಅಕ್ಕ. ಬಾಲ್ಕನಿಗೆ ಹೋದಳು, ಬಂದಳು, ಮಡಚಿದ ಬಟ್ಟೆಯನ್ನೇ ಬಿಚ್ಚಿ ಮಡಚಿದಳು. "ಮಕ್ಕಳು ಉಂಡ್ರೋ ಇಲ್ಲೋ" ಅಂದಳು. ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ನಾನು ಅಳಿಸಿಬಿಡಲಾ ಅಂತ ಕೇಳಿದೆ. "ಅಳಿಸಿದ್ರ ಕೈ ಮುರೀತೀನಿ" ಅಂದಳು.

ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಭಾವ ನಿಂತಿದ್ದ. ಕೈಯಲ್ಲಿ ಚೀಲವಿಲ್ಲ, ಏನಿಲ್ಲ, ಅಂಗಡಿಗೆ ಹೋಗುವ ಅಂಗಿಯಲ್ಲೇ ಲಿಂಗಂಪಲ್ಲಿಯಲ್ಲಿ ಇಳಿದು ನಡೆದು ಬಂದಿದ್ದ. ನನ್ನ ಗಂಡ ಕೆಲಸಕ್ಕೆ ಹೋಗಿದ್ದ, ಮಗಳು ಸ್ಕೂಲಿನಲ್ಲಿದ್ದಳು. ನೀರು ಕೊಟ್ಟೆ. ಅವನು ನನ್ನ ಮುಖ ನೋಡಿ ಸಟ್ಟನೆ ಕಣ್ಣು ಕೆಳಗಿಳಿಸಿದ. ಇಷ್ಟಾಗಿದೆ ಅಂತ ಅವನು ಅಂದುಕೊಂಡಿರಲಿಲ್ಲ ಅನ್ನಿಸಿತು.

"ಆ ಚಿತ್ರ ಯಾಕ ಕಳಿಸಿದ್ರಿ?" ಅಂತ ನನ್ನನ್ನೇ ಕೇಳಿದ.

"ನಾನ ಕಳಿಸಿದ್ದು" ಅಂದಳು ಅಕ್ಕ, ಅಡುಗೆಮನೆಯ ಬಾಗಿಲಿನಿಂದ.

"ನಿನಗ ಇಷ್ಟ ಸಿಟ್ಟ ಬರತೈತಿ ಅಂತ ನನಗ ಗೊತ್ತ ಇರಲಿಲ್ಲ."

"ನೋಡಿದ್ರ ಗೊತ್ತಾಗತಿತ್ತು."

"ಒಂದ ಮಾತಿಗೆ ಇಷ್ಟೇನು? ಬಾ ಅಂದೆ. ತಪ್ಪಾತು ಅಂತ ಹೇಳಾಕ ಬಂದೀನಿ."

ಅಕ್ಕ ಬಂದು ಅವನ ಎದುರಿಗೆ ಕೂತಳು. ದನಿ ಏರಿಸಲಿಲ್ಲ.

"ನಿನ್ನಿ ಮಾತಿಗಲ್ಲ ರಿ. ಅಪ್ಪಾನ್ನ ಇಲ್ಲಿ ದವಾಖಾನ್ಯಾಗ ಹಾಕಿದ್ದಿವಿ, ನೆನಪೈತೇನು? ಆಗೂ ಹಿಂಗ ಫೋನ್ ಮಾಡಿದ್ರಿ. ನೀ ಮುಂದ ಕುಂತ್ರ ಅವರಿಗೆ ಉಸಿರು ಬರತೈತೇನು ಅಂದ್ರಿ. ನಾ ಹೊಂಟ ಬಂದೆ. ಅಪ್ಪಾ ಮಲಗಿದ್ರು, ಎಬ್ಬಿಸಬ್ಯಾಡ ಅಂತ ಹೇಳಲಾರದ ಬಂದೆ. ಸೇಡಂ ಸ್ಟೇಷನ್‌ದಾಗ ಕಾಲ ಇಟ್ಟೀನಿ, ಇಕಿ ಫೋನ್ ಬಂತು."

ಇಕಿ ಅಂದರೆ ನಾನು. ಅಪ್ಪ ಹೋದರು ಅಂತ ಆ ಫೋನು ಮಾಡಿದವಳು ನಾನೇ. ಅವಳು ಆಗ "ಹೂಂ" ಅಂದದ್ದಷ್ಟೇ ನನಗೆ ನೆನಪಿತ್ತು. ಮುಂದಿನ ಗಾಡಿಗೆ ವಾಪಸು ಬಂದಿದ್ದಳು, ಎಲ್ಲರಿಗೂ ಚಹಾ ಮಾಡಿಕೊಟ್ಟಿದ್ದಳು, ಯಾರ ಮುಂದೆಯೂ ಏನೂ ಹೇಳಿರಲಿಲ್ಲ. ಮನೆಯಲ್ಲಿ ಕೆಲಸವಿದೆ ಅಂತ ತಾನಾಗಿ ಹೋಗಿದ್ದಳು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಭಾವ ಖಾಲಿ ಲೋಟವನ್ನು ತಿರುಗಿಸುತ್ತ ಕೂತ. ಅವನ ಮುಖದಲ್ಲಿ ಏನು ಬಂತು ಅಂತ ಹೇಳಲು ನನಗೆ ಆಗುವುದಿಲ್ಲ. ಮುಖಗಳನ್ನೇ ಬರೆದು ಬದುಕುವವಳು ನಾನು, ಆದರೂ ಅದಕ್ಕೆ ಹೆಸರು ಸಿಗಲಿಲ್ಲ.

"ಆಗ ಹೇಳಲಿಲ್ಲಲ್ಲ ನೀ" ಅಂದ ಕೊನೆಗೆ.

"ಹೇಳಿದ್ರ ಅಪ್ಪಾ ಬರತಿದ್ರೇನು?"

ಸಂಜೆಯ ಗಾಡಿಗೆ ಅವನು ಒಬ್ಬನೇ ಹೋದ. ಊಟ ಮಾಡಿದ, ಅಕ್ಕನೇ ಬಡಿಸಿದಳು. ಮೆಟ್ಟು ಹಾಕಿಕೊಳ್ಳುವಾಗ ನನಗೆ ಮಾತ್ರ ಕೇಳುವಷ್ಟು ಸಣ್ಣಗೆ "ನಿಮ್ಮ ಮಾರಿ ನೆಟ್ಟಗ ಆಗೂತನಾ ಇರಲಿ ಆಕಿ. ನಾ ಅಂದಿದ್ದು ಮನಸಿಗೆ ಹಚ್ಚಿಕೋಬ್ಯಾಡ್ರಿ" ಅಂದ. ಅಕ್ಕ ಬಾಲ್ಕನಿಯಲ್ಲಿ ನಿಂತು ಅವನು ತಿರುವು ದಾಟುವವರೆಗೆ ನೋಡಿದಳು. ಆಮೇಲೆ ಒಳಗೆ ಬಂದು ಅತ್ತಳು. ಅವಳು ಅಳುವಾಗ ನಾನು ಪೆನ್ಸಿಲ್ಲು ಮುಟ್ಟಲಿಲ್ಲ.

ಆ ಮುಖವನ್ನು ಕಂಪ್ಯೂಟರಿನಲ್ಲಿ ಶುದ್ಧ ಮಾಡಿ, ಬಣ್ಣ ತುಂಬಿ, ಉಪ್ಪಲ್‌ಗೆ ನಾನೇ ಹೊರಟೆ. ಮನೆಯಲ್ಲಿ ಕೂತು ಕಳಿಸಬಹುದಿತ್ತು. ಆದರೆ ವಾರಗಟ್ಟಲೆ ಗೋಡೆಗಳ ನಡುವೆ ತಿರುಗಿ ಸಾಕಾಗಿತ್ತು. ದುಪಟ್ಟಾದಲ್ಲಿ ಮುಖ ಸುತ್ತಿಕೊಂಡು ಬೇಗಂಪೇಟೆವರೆಗೆ ಲೋಕಲ್ ಟ್ರೈನು, ಅಲ್ಲಿಂದ ಮೆಟ್ರೋ. ಎದುರಿಗೆ ಕೂತವರ ಮುಖಗಳನ್ನು ನೋಡುತ್ತ ಹೋದೆ. ಯಾರ ಮುಖವೂ ಏನನ್ನೂ ಹೇಳುತ್ತಿರಲಿಲ್ಲ. ಎಲ್ಲರ ಎರಡೂ ಹುಬ್ಬುಗಳು ಸರಿಯಾಗಿದ್ದವು, ಒಬ್ಬರೂ ಬಳಸುತ್ತಿರಲಿಲ್ಲ.

ಸ್ಟುಡಿಯೋದಲ್ಲಿ ಕೆಲಸ ನೋಡಿಕೊಳ್ಳುವವನು ನನಗಿಂತ ಚಿಕ್ಕವನು, ಒಳ್ಳೆಯವನು. ಚಿತ್ರವನ್ನು ದೊಡ್ಡ ಪರದೆಗೆ ಹಾಕಿ ನೋಡಿ ಹಿಂದಕ್ಕೆ ಒರಗಿದ. "ಚಾಲಾ ಬಾಗುಂದಿ ಮೇಡಂ, ಕಾನೀ..." ಅಂದ. ತುಂಬಾ ಚೆನ್ನಾಗಿದೆ, ಆದರೆ. ಮಕ್ಕಳು ಹೆದರುತ್ತಾರೆ ಅಂದ. ಇದು ಮಗುವಿನ ಸಿಟ್ಟಲ್ಲ, ಇದು ಬೇರೆ ಏನೋ. ಕೆನ್ನೆ ಕೆಂಪು ಮಾಡಿ, ಕಿವಿಯಿಂದ ಹೊಗೆ ಬಿಡಿಸಿ, ಅಷ್ಟು ಸಾಕು ಅಂದ. ವಾದ ಮಾಡಬೇಕು ಅಂತ ಬಾಯಿ ತೆರೆದೆ. ಅರ್ಧ ಬಾಯಿಂದ ಮಾತು ತೊದಲಿತು. ಅವನು ಹೇಳಿದ್ದು ಸರಿಯಾಗಿಯೂ ಇತ್ತು. ಅವನ ಮೇಜಿನ ಮುಂದೆಯೇ ಕೂತು ಕೆನ್ನೆ ಕೆಂಪು ಮಾಡಿದೆ, ಹೊಗೆ ಬಿಡಿಸಿದೆ. ಮಕ್ಕಳು ಈಗ ನೋಡುವುದು ಅದನ್ನೇ. ನನ್ನ ಮಗಳಿಗೂ ಅದೇ ಇಷ್ಟ.

ಮುಖ ಎಚ್ಚರಗೊಂಡದ್ದನ್ನು ಮೊದಲು ಕಂಡವಳು ಅಕ್ಕ. ಮೆಣಸಿನಕಾಯಿ ಹುರಿಯುವಾಗ ಘಾಟಿಗೆ ನಾನು ಸೀನಿದೆ. "ನಿಲ್ಲು, ಅಲುಗಿತು!" ಅಂತ ಕೂಗಿದಳು. ಎಡಮೂಗಿನ ಪಕ್ಕ ಒಂದು ಸಣ್ಣ ಸುಕ್ಕು ಮೂಡಿತ್ತಂತೆ. ಕನ್ನಡಿಗೆ ಓಡಿ ನೋಡಿದರೆ ಏನೂ ಇಲ್ಲ. ಎರಡು ದಿನ ಬಿಟ್ಟು ನನಗೂ ಕಂಡಿತು. ಆಮೇಲೆ ತುಟಿ, ಆಮೇಲೆ ರೆಪ್ಪೆ, ಎಲ್ಲಕ್ಕಿಂತ ಕೊನೆಗೆ ಹುಬ್ಬು. ಪೂರ್ತಿ ಬಂದಿಲ್ಲ. ಈಗಲೂ ಜೋರಾಗಿ ನಕ್ಕರೆ ಎಡಗಣ್ಣು ತಾನಾಗಿ ಸಣ್ಣದಾಗುತ್ತದೆ. ಫೋಟೋದಲ್ಲಿ ಯಾರಿಗೋ ಕಣ್ಣು ಹೊಡೆಯುವವಳ ಹಾಗೆ ಕಾಣುತ್ತೇನೆ.

ರೆಪ್ಪೆ ಮುಚ್ಚತೊಡಗಿದ ವಾರ ಅಕ್ಕ ಸೇಡಂಗೆ ಹೊರಟಳು. ಕರೆದೊಯ್ಯಲು ಯಾರೂ ಬಂದಿರಲಿಲ್ಲ, ಅವಳೇ ಬೇಡ ಅಂದಿದ್ದಳು. ಅಲ್ಲಿ ಅವರಿಬ್ಬರ ನಡುವೆ ಏನು ಮಾತಾಯಿತು, ಆಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಭಾವ ಬೆಳಗಿನ ಚಹಾ ತಾನೇ ಮಾಡಿಕೊಳ್ಳುತ್ತಾನೆ ಎಂಬಷ್ಟು ಮಾತ್ರ ಅವಳ ಬಾಯಿಂದ ಬಂದಿದೆ, ಅದೂ ಬೇರೆ ಯಾವುದೋ ವಿಷಯದ ನಡುವೆ. ಅಪ್ಪನ ತಿಥಿಗೆ ಈ ವರ್ಷ ಇಬ್ಬರೂ ಕೂಡಿ ಬಂದರು. ಭಾವ ಫೋಟೋದ ಮುಂದೆ ಹೂವಿಟ್ಟು ಬಹಳ ಹೊತ್ತು ನಿಂತ. ಅಕ್ಕ ಅವನ ಕಡೆ ನೋಡಲಿಲ್ಲ.

ಅವಳ ಸಿಟ್ಟು ಮಾತ್ರ ವಾಪಸು ಬಂದಿದೆ. ಮೊದಲಿನಂತೆ ನಾನು ದಿನಕ್ಕೆರಡು ಸಲ ಫೋನ್ ಮಾಡಿ ಮಗಳ ಜ್ವರ, ಸ್ಟುಡಿಯೋದ ತಕರಾರು, ಗಂಡನ ಮರೆವು ಎಲ್ಲ ಸುರಿಯತೊಡಗಿದರೆ ನಡುವೆಯೇ ತಡೆಯುತ್ತಾಳೆ.

"ಏ, ಎಷ್ಟ ಹೇಳತೀ ನಿಂದ ನೀನ? ಇಡು ಫೋನು, ನನಗ ಕೆಲಸ ಐತಿ."

ಇಟ್ಟುಬಿಡುತ್ತಾಳೆ. ನಾನು ಫೋನು ಹಿಡಿದು ಕಿಟಕಿಯ ಪಕ್ಕ ಕೂರುತ್ತೇನೆ. ಸ್ವಲ್ಪ ನೋವಾಗುತ್ತದೆ, ಸುಳ್ಳೇಕೆ ಹೇಳಲಿ. ಆಮೇಲೆ ಎದ್ದು ಒಂದು ಸುತ್ತು ಬಾಲ್ಕನಿಗೆ ಹೋಗಿ ಬಂದು, ಅವಳೇನು ಕೆಲಸ ಇಟ್ಟುಕೊಂಡಿರಬಹುದು ಅಂತ ಯೋಚಿಸುತ್ತೇನೆ. ಇಷ್ಟು ವರ್ಷ ಅದನ್ನು ನಾನೂ ಕೇಳಿರಲಿಲ್ಲ.